ಪುಕ್ಕಟೆ ಕಾಲಾಳಿನ ಬೆಲೆ ಎಷ್ಟು? ಕಾರವಾರದ ಒಂದು ಚೆಸ್ ಆಟ ಮತ್ತು ಇವಾನ್ಸ್ ಗ್ಯಾಂಬಿಟ್

ಜನವರಿಯ ಒಂದು ಭಾನುವಾರ. ಕಾರವಾರದ ನಮ್ಮ ಚೆಸ್ ಕ್ಲಬ್ಬಿನಲ್ಲಿ ನಾಲ್ಕನೇ ಮೇಜಿನ ಸುತ್ತ ಜನ ಸೇರಿದ್ದರು. ಒಂದು ಬದಿಗೆ ಹೈಸ್ಕೂಲಿನಿಂದ ನಿವೃತ್ತರಾದ ಗಣಿತದ ಮಾಸ್ತರು. ಎದುರಿಗೆ ನಸುಕಿನ ಬಸ್ಸಿಗೆ ಘಟ್ಟ ಇಳಿದು ಬಂದಿದ್ದ ಶಿರಸಿಯ ಪಿಯುಸಿ ಹುಡುಗ. ಆಟ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಹುಡುಗ ತನ್ನ ಒಂದು ಕಾಲಾಳನ್ನು ತೆಗೆದು ಮಾಸ್ತರ ಒಂಟೆಯ ಬಾಯಿಗೇ ಇಟ್ಟ.

"ಎಂತದೋ ತಮ್ಮಾ, ಕಣ್ಣು ತಪ್ಪಿ ಇಟ್ಯಾ?"

"ಇಲ್ಲ ಮಾಸ್ತರೆ, ತಗಳಿ."

ಆಟದ ನಡುವೆ ಮಾತಾಡಬಾರದೆಂಬ ನಿಯಮ ಇದೆ. ನಮ್ಮಲ್ಲಿ ಇಷ್ಟು ಮಾತಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಮಾಸ್ತರು ಕಾಲಾಳು ತಗೊಂಡರು. ಆಮೇಲೆ ಇನ್ನೊಂದು, ಮತ್ತೊಂದು. 17ನೇ ನಡೆಗೆ ಗಡಿಯಾರ ನಿಲ್ಲಿಸಿ ಕೈ ಕುಲುಕಿದರು. ಗೆದ್ದವರು ಅವರಲ್ಲ, ಹುಡುಗ. ಸೋಲೊಪ್ಪುವ ಹೊತ್ತಿಗೂ ಮಾಸ್ತರ ಬಳಿ ಎದುರಾಳಿಗಿಂತ ಎರಡು ಕಾಲಾಳು ಹೆಚ್ಚೇ ಇದ್ದವು!

ಸುತ್ತ ನಿಂತವರಲ್ಲಿ ಅರ್ಧದಷ್ಟು ಜನ ಚೆಸ್‌ಗೆ ಹೊಸಬರು, ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರು. 2025ರ ನವೆಂಬರಿನಲ್ಲಿ ಮಾಜಾಳಿ ಗಡಿಯಾಚೆ ಗೋವಾದಲ್ಲಿ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ವಿಶ್ವಕಪ್ ನಡೆದಾಗಿನಿಂದ ನಮ್ಮ ಕ್ಲಬ್ಬಿಗೆ ಇಂಥವರ ಓಡಾಟ ಜಾಸ್ತಿ. 206 ಆಟಗಾರರು ಕೂಡಿದ್ದ ಆ ಟೂರ್ನಿಯನ್ನು ಉಜ್ಬೇಕಿಸ್ತಾನದ 19 ವರ್ಷದ ಜವೋಖಿರ್ ಸಿಂದರೋವ್ ಗೆದ್ದ. ಕಪ್ಪಿಗೆ ಇಟ್ಟದ್ದು ನಮ್ಮ ವಿಶ್ವನಾಥನ್ ಆನಂದ್ ಹೆಸರು. ಅದಕ್ಕೂ ಒಂದು ವರ್ಷ ಮೊದಲು, 2024ರ ಡಿಸೆಂಬರಿನಲ್ಲಿ, ಚೆನ್ನೈನ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆಗಿದ್ದ. ಮಕ್ಕಳು ಮನೆಗೆ ಬಂದು "ಗ್ಯಾಂಬಿಟ್", "ಶಾರ್ಪ್ ಓಪನಿಂಗ್" ಎಂದೆಲ್ಲ ಹೇಳತೊಡಗಿದರೆ ಹಿರಿಯರು ಏನೆಂದು ತಿಳಿಯಬೇಕು? ಆವತ್ತು ನನ್ನನ್ನು ಕೇಳಿದವರೂ ಇದನ್ನೇ ಕೇಳಿದರು. ಹೆಚ್ಚು ಸೈನ್ಯ ಇದ್ದವರು ಸೋತದ್ದು ಹೇಗೆ? ಉತ್ತರವನ್ನು ಬುಡದಿಂದ ಶುರುಮಾಡುತ್ತೇನೆ.

ಬೋರ್ಡಿನ ವಿಳಾಸ

64 ಮನೆಗಳು. ಬಿಳಿ ಕಾಯಿಯವನು ಕೂತಲ್ಲಿಂದ ನೋಡಿದರೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಎಂಟು ನಿಲುವು ಸಾಲು. ಅವನ ಕಡೆಯಿಂದ ಎದುರಾಳಿಯ ಕಡೆಗೆ 1ರಿಂದ 8. ಎರಡನ್ನೂ ಕೂಡಿಸಿದರೆ ಮನೆಯ ವಿಳಾಸ ಸಿಗುತ್ತದೆ. ಇ4 ಅಂದರೆ ಐದನೇ ನಿಲುವು ಸಾಲಿನ ನಾಲ್ಕನೇ ಮನೆ.

ಕಾಯಿಗಳ ಹೆಸರು ಊರಿಗೊಂದು ಥರ. ಇಲ್ಲಿ ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದಿಟ್ಟುಕೊಳ್ಳೋಣ. ಮಂತ್ರಿಯನ್ನು ರಾಣಿ ಅನ್ನುವವರೂ ಇದ್ದಾರೆ, ಜಗಳವಿಲ್ಲ. ಆನೆ ನೇರ ಹೋಗುತ್ತದೆ, ಒಂಟೆ ಓರೆ ಹೋಗುತ್ತದೆ, ಮಂತ್ರಿಗೆ ಎರಡೂ ಸಾಧ್ಯ. ಬೆಲೆ ಕಟ್ಟುವಾಗ ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9 ಎಂಬುದು ರೂಢಿ. ರಾಜನಿಗೆ ಬೆಲೆ ಇಲ್ಲ, ಅವನು ಸಿಕ್ಕಿಬಿದ್ದರೆ ಆಟವೇ ಮುಗಿಯಿತು.

ಇನ್ನೊಂದು ಸಂಗತಿ. ನಮ್ಮ ಮನೆಗಳಲ್ಲಿ ಹಿಂದೆ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಯಾವಾಗಲೂ ಒಂದೊಂದೇ ಮನೆ ಮುಂದೆ ಹೋಗುತ್ತಿತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ ಅದು ಮೊದಲ ಸಲ ಎರಡು ಮನೆ ಜಿಗಿಯಬಹುದು. ಹಾಗಾಗಿ ಎರಡೂ ಸೈನ್ಯ ಬೇಗ ಮುಖಾಮುಖಿ ಆಗುತ್ತವೆ. ಈ ಲೇಖನದ ಜಗಳವೆಲ್ಲ ಆ ಅವಸರದಿಂದಲೇ ಹುಟ್ಟಿದ್ದು.

ಓಪನಿಂಗ್, ಅದರಲ್ಲೂ ಹರಿತವಾದದ್ದು

ಆಟದ ಮೊದಲ ಹತ್ತು ಹನ್ನೆರಡು ನಡೆಗಳಿಗೆ ಓಪನಿಂಗ್ ಎನ್ನುತ್ತಾರೆ. ಆಗ ಮಾಡಬೇಕಾದ ಕೆಲಸ ಮೂರು. ನಡುವಿನ ಮನೆಗಳನ್ನು ಹಿಡಿಯುವುದು, ಹಿಂದಿನ ಸಾಲಿನಲ್ಲಿ ನಿದ್ದೆ ಹೋದ ಕುದುರೆ ಒಂಟೆಗಳನ್ನು ಎಬ್ಬಿಸಿ ಹೊರಗೆ ತರುವುದು, ರಾಜನನ್ನು ಮೂಲೆಗೆ ಸಾಗಿಸಿ ಭದ್ರ ಮಾಡುವುದು. ಈ ಮೂರನ್ನು ಯಾವ ಕ್ರಮದಲ್ಲಿ, ಯಾವ ಕಾಯಿಯಿಂದ ಮಾಡುತ್ತೀರಿ ಎಂಬುದರ ಮೇಲೆ ಒಂದೊಂದು ಓಪನಿಂಗಿಗೆ ಒಂದೊಂದು ಹೆಸರು.

ಕೆಲವು ಓಪನಿಂಗ್ ಸೌಮ್ಯ. ಒಂದು ತಪ್ಪು ನಡೆ ಇಟ್ಟರೂ ಸುಧಾರಿಸಿಕೊಳ್ಳಲು ಅವಕಾಶ ಇರುತ್ತದೆ. ಹರಿತವಾದದ್ದು ಹಾಗಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರನ್ನು ನೋಡಿದ್ದೀರಲ್ಲ? ಪಳಗಿದ ಕೈಗೆ ಅದು ರಾಶಿ ರಾಶಿ ಸುಲಿದು ಕೊಡುತ್ತದೆ. ಗಮನ ಒಂದು ಕ್ಷಣ ಆಚೀಚೆ ಆದರೆ ಬೆರಳು. ಹರಿತವಾದ ಓಪನಿಂಗಿನಲ್ಲೂ ಪ್ರತಿ ನಡೆಯ ಬೆಲೆ ದೊಡ್ಡದು, ಅದೂ ಇಬ್ಬರಿಗೂ. ಕತ್ತಿ ಹಿಡಿದವನ ಬೆರಳೂ ಕತ್ತಿಯ ಹತ್ತಿರವೇ ಇರುತ್ತದೆ.

ಗ್ಯಾಂಬಿಟ್: ಕುಸ್ತಿಯಿಂದ ಬಂದ ಮಾತು

ಓಪನಿಂಗಿನಲ್ಲಿ ಬೇಕೆಂದೇ ಒಂದು ಕಾಯಿಯನ್ನು, ಸಾಮಾನ್ಯವಾಗಿ ಕಾಲಾಳನ್ನು, ಎದುರಾಳಿಗೆ ಬಿಟ್ಟುಕೊಡುವುದಕ್ಕೆ ಗ್ಯಾಂಬಿಟ್ ಎಂದು ಹೆಸರು. ಇಟಾಲಿಯನ್ ಭಾಷೆಯಲ್ಲಿ ಗಾಂಬಾ ಎಂದರೆ ಕಾಲು. ಕುಸ್ತಿಯಲ್ಲಿ ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಕೆಡಹುವ ಪಟ್ಟಿನಿಂದ ಈ ಪದ ಬಂತು. ಸ್ಪೇನಿನ ಪಾದ್ರಿ ರುಯ್ ಲೋಪೆಜ್ 1561ರಲ್ಲಿ ಇದನ್ನು ಚೆಸ್‌ಗೆ ಬಳಸಿದ.

ಇದನ್ನು ಗಾಳದ ಎರೆಗೆ ಹೋಲಿಸುವ ರೂಢಿ ಇದೆ. ನನಗೆ ಆ ಹೋಲಿಕೆ ಪೂರ್ತಿ ಒಪ್ಪಿಗೆಯಿಲ್ಲ. ಎರೆ ಕಚ್ಚಿದ ಮೀನಿಗೆ ಉಳಿಗಾಲ ಕಡಿಮೆ. ಒಳ್ಳೆಯ ಗ್ಯಾಂಬಿಟ್ಟಿನಲ್ಲಿ ಕಾಲಾಳು ತಿಂದವನಿಗೆ ಸಾಯಲೇಬೇಕೆಂಬ ಕಟ್ಟಳೆ ಇಲ್ಲ, ಅವನಿಗೆ ಉಸಿರಾಡಲು ಪುರಸೊತ್ತು ಸಿಗುವುದಿಲ್ಲ ಅಷ್ಟೆ. ಅದಕ್ಕಿಂತ ಅಡಿಕೆ ತೋಟದ ಲೆಕ್ಕ ಹತ್ತಿರ ಬರುತ್ತದೆ. ಮಳೆ ಹಿಡಿಯುವ ಮೊದಲೇ ಮರ ಹತ್ತುವ ಕೊನೆಗೌಡನನ್ನು ಕರೆಸಿ, ಮೈಲುತುತ್ತ ಸುಣ್ಣ ಕಲೆಸಿ, ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಆವತ್ತು ಕೈಯಿಂದ ದುಡ್ಡು ಹೋಗುತ್ತದೆ, ಫಲ ಏನೂ ಕಾಣುವುದಿಲ್ಲ. ಪಕ್ಕದ ತೋಟದವನು ದುಡ್ಡು ಉಳಿಸಿಕೊಂಡು ಕೂತಿರುತ್ತಾನೆ. ಆಷಾಢದಲ್ಲಿ ಜಡಿಮಳೆ ಹಿಡಿದು ಕೊಳೆರೋಗ ಬಂದ ಮೇಲೆ ಅವನು ಇಡೀ ಗಂಟು ಬಿಚ್ಚಿದರೂ ಉದುರಿದ ಅಡಿಕೆ ಮತ್ತೆ ಮರ ಹತ್ತುವುದಿಲ್ಲ. ಮೊದಲನೆಯವನು ಕೊಂಡದ್ದು ಔಷಧಿಯನ್ನಷ್ಟೇ ಅಲ್ಲ, ಹೊತ್ತನ್ನು.

ಚೆಸ್‌ನಲ್ಲಿ ಈ ಹೊತ್ತಿನ ಅಳತೆಗೆ ಟೆಂಪೋ ಎನ್ನುತ್ತಾರೆ. ಬೈತಖೋಲ ಬಂದರದಿಂದ ಮೀನು ಹೊರುವ ಟೆಂಪೋ ಅಲ್ಲ, ಒಂದು ನಡೆ ಎಂದು ಅರ್ಥ. ಇಬ್ಬರೂ ಒಂದಾದ ಮೇಲೊಂದು ನಡೆ ಇಡುತ್ತಾರೆ, ಹಾಗಾಗಿ ಇಬ್ಬರಿಗೂ ಹೊತ್ತು ಸಮ ಎಂದು ಕಾಣುತ್ತದೆ. ಆದರೆ ನಿಮ್ಮ ಒಂದೇ ಕಾಯಿ ಮೂರು ಸಲ ಅತ್ತಿತ್ತ ಓಡಾಡಿ, ಆ ಹೊತ್ತಿಗೆ ಎದುರಾಳಿ ಮೂರು ಬೇರೆ ಬೇರೆ ಕಾಯಿಗಳನ್ನು ಹೊರಗೆ ತಂದರೆ, ನೀವು ಎರಡು ನಡೆ ಹಿಂದೆ ಬಿದ್ದಿರಿ. ಮೂರು ನಡೆ ಮುಂದಿರುವುದು ಒಂದು ಕಾಲಾಳಿಗೆ ಸಮ ಎಂಬುದು ಹಳಬರ ಅಂದಾಜು. ಎಲ್ಲ ಕಾಲಕ್ಕೂ ನಿಲ್ಲುವ ಲೆಕ್ಕವಲ್ಲ, ಕಣ್ಣಳತೆಗೆ ಸಾಕು.

ಒಬ್ಬ ತಾಂಡೇಲನ ಸಂಶೋಧನೆ

ಹುಡುಗ ಆಡಿದ್ದು ಇವಾನ್ಸ್ ಗ್ಯಾಂಬಿಟ್. ಇದನ್ನು ಹುಟ್ಟಿಸಿದ ವಿಲಿಯಂ ಡೇವಿಸ್ ಇವಾನ್ಸ್ ಪಂಡಿತನೂ ಅಲ್ಲ, ಪ್ರೊಫೆಸರನೂ ಅಲ್ಲ. 1790ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ ಹಡಗಿನ ಕಪ್ತಾನ, ನಮ್ಮ ಕರಾವಳಿಯ ಮಾತಿನಲ್ಲಿ ತಾಂಡೇಲ. ವೇಲ್ಸ್ ಮತ್ತು ಐರ್ಲೆಂಡ್ ನಡುವೆ ಟಪಾಲು ಹಡಗು ನಡೆಸುತ್ತಿದ್ದ. 1820ರ ದಶಕದಲ್ಲಿ ಈ ತಂತ್ರ ಕಂಡುಹಿಡಿದು, ಲಂಡನ್ನಿಗೆ ಹೋದಾಗ ಆ ಕಾಲದ ಹೆಸರಾಂತ ಆಟಗಾರ ಮ್ಯಾಕ್‌ಡೊನೆಲ್‌ನನ್ನು ಇದರಿಂದಲೇ ಸೋಲಿಸಿದ. 1834ರಲ್ಲಿ ಮ್ಯಾಕ್‌ಡೊನೆಲ್ ಮತ್ತು ಫ್ರಾನ್ಸಿನ ಲಾ ಬೋರ್ಡೊನೆ ನಡುವೆ ಲಂಡನ್ನಿನಲ್ಲಿ ನಡೆದ ದೀರ್ಘ ಪಂದ್ಯಾವಳಿಯಲ್ಲಿ ಇದು ಮತ್ತೆ ಮತ್ತೆ ಬಂತು, ಊರೂರಿಗೆ ಹಬ್ಬಿತು.

ರಾತ್ರಿ ಹಡಗುಗಳು ಡಿಕ್ಕಿಯಾಗದಂತೆ ಬಿಳಿ, ಕೆಂಪು, ಹಸಿರು ದೀಪ ಕಟ್ಟುವ ಪದ್ಧತಿಯ ಜೊತೆಗೂ ಇವಾನ್ಸನ ಹೆಸರು ಕೇಳಿಬರುತ್ತದೆ. ಕಾರವಾರದ ಕಡಲತಡಿಯಲ್ಲಿ ರಾತ್ರಿ ನಿಂತರೆ ಬೋಟಿನ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ಕಾಣುತ್ತದಲ್ಲ, ಅದೇ. 1872ರಲ್ಲಿ ಬೆಲ್ಜಿಯಂನ ಓಸ್ಟೆಂಡಿನಲ್ಲಿ ತೀರಿಕೊಂಡ. ಅದೂ ಬಂದರು ಊರೇ.

ಹದಿನೇಳು ನಡೆ

ಮನೆಯಲ್ಲಿ ಬೋರ್ಡ್ ಇದ್ದರೆ ಹರಡಿಕೊಳ್ಳಿ. ಹುಡುಗ ಬಿಳಿ, ಮಾಸ್ತರು ಕಪ್ಪು.

ಮೊದಲ ನಡೆಗೆ ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರು. ಬಿಳಿಯದು ಇ4, ಕಪ್ಪಿನದು ಇ5. ಎರಡನೆಯದಕ್ಕೆ ಬಿಳಿ ಕುದುರೆ ಎಫ್3ಕ್ಕೆ ಬಂದು ಇ5ರ ಕಾಲಾಳಿಗೆ ಗುರಿ ಇಟ್ಟಿತು, ಕಪ್ಪು ಕುದುರೆ ಸಿ6ಕ್ಕೆ ಬಂದು ಅದನ್ನು ಕಾಯಿತು. ಮೂರನೆಯದಕ್ಕೆ ಎರಡೂ ಕಡೆಯ ಒಂಟೆ ಹೊರಬಂದವು, ಬಿಳಿಯದು ಸಿ4ಕ್ಕೆ, ಕಪ್ಪಿನದು ಸಿ5ಕ್ಕೆ. ಇಲ್ಲಿಯವರೆಗಿನದಕ್ಕೆ ಇಟಾಲಿಯನ್ ಓಪನಿಂಗ್ ಎಂದು ಹೆಸರು, ಲೋಕದ ಅತಿ ಹಳೆಯ ದಾರಿಗಳಲ್ಲಿ ಒಂದು. ಸಿ4ರ ಒಂಟೆಯ ಕಣ್ಣು ಎಫ್7ರ ಕಾಲಾಳಿನ ಮೇಲಿದೆ. ಕಪ್ಪಿನ ಪಾಳಯದಲ್ಲಿ ಆ ಮನೆಯೇ ಮಿದು ಜಾಗ, ಯಾಕೆಂದರೆ ಆಟದ ಶುರುವಿಗೆ ಅದನ್ನು ಕಾಯುವವನು ರಾಜ ಒಬ್ಬನೇ.

ನಾಲ್ಕನೇ ನಡೆ: ಬಿಳಿ ಕಾಲಾಳು ಬಿ4ಕ್ಕೆ. ಇದೇ ಇವಾನ್ಸನ ನಡೆ. ಒಂಟೆ ಅದನ್ನು ಹೊಡೆಯಿತು. ಐದನೆಯದಕ್ಕೆ ಇನ್ನೊಂದು ಕಾಲಾಳು ಸಿ3ಕ್ಕೆ ಬಂದು "ಏಳು ಅಲ್ಲಿಂದ" ಎಂದು ಒಂಟೆಯನ್ನು ಎಬ್ಬಿಸಿತು, ಒಂಟೆ ಎ5ಕ್ಕೆ ಸರಿಯಿತು. ಗಮನಿಸಿ, ಐದು ನಡೆಗಳಲ್ಲಿ ಮೂರನ್ನು ಕಪ್ಪು ಅದೊಂದೇ ಒಂಟೆಗೆ ಖರ್ಚು ಮಾಡಿತು. ಬಿಳಿಗೆ ಸಿ3ರ ಕಾಲಾಳು ಪುಕ್ಕಟೆ ಬಂದಂತಾಯಿತು. ಅದು ಈಗ ಡಿ4ಕ್ಕೆ ಆಸರೆ.

ಆರನೆಯದಕ್ಕೆ ಬಿಳಿ ಕಾಲಾಳು ಡಿ4ಕ್ಕೆ. ಮಾಸ್ತರು ಅದನ್ನೂ ಹೊಡೆದರು. ಇಲ್ಲಿ ಸುತ್ತ ನಿಂತವರೆಲ್ಲ ಹುಡುಗ ತಿರುಗಿ ಹೊಡೆಯುತ್ತಾನೆ ಎಂದುಕೊಂಡರು. ಅವನು ಹೊಡೆಯಲಿಲ್ಲ. ಏಳನೇ ನಡೆಗೆ ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಅವನ ಆಚೆ ದಾಟಿಸಿ ಕ್ಯಾಸ್ಲಿಂಗ್ ಮಾಡಿದ. ಒಂದೇ ನಡೆಯಲ್ಲಿ ರಾಜ ಮೂಲೆಯ ಹತ್ತಿರ ಭದ್ರ, ಆನೆ ಕೆಲಸಕ್ಕೆ ತಯಾರು. ಮಾಸ್ತರ ಕಾಲಾಳು ಮುಂದೆ ಹೋಗಿ ಸಿ3ರಲ್ಲಿದ್ದುದನ್ನೂ ಹೊಡೆಯಿತು. ಒಟ್ಟು ಮೂರು.

ಎಂಟನೆಯದಕ್ಕೆ ಬಿಳಿ ಮಂತ್ರಿ ಬಿ3ಕ್ಕೆ. ಒಂಟೆಯ ಹಿಂದೆ ಮಂತ್ರಿ, ಇಬ್ಬರ ಗುರಿಯೂ ಎಫ್7. ಕಪ್ಪು ಮಂತ್ರಿ ಇ7ಕ್ಕೆ ಬಂದು ಕಾವಲು ನಿಂತಿತು. ಒಂಬತ್ತನೆಯದಕ್ಕೆ ಬಿಳಿಯ ಇನ್ನೊಂದು ಕುದುರೆ ಸಿ3ರ ಕಾಲಾಳನ್ನು ಹೊಡೆದು ಹೊರಗೂ ಬಂತು. ಮಾಸ್ತರು ಕುದುರೆಯನ್ನು ಎಫ್6ಕ್ಕೆ ತಂದರು. ನೋಡಲು ಇದಕ್ಕಿಂತ ಸಹಜವಾದ ನಡೆ ಇಲ್ಲ. ತಪ್ಪು ಇದೇ.

ಹತ್ತು: ಬಿಳಿ ಕುದುರೆ ಡಿ5ಕ್ಕೆ ಹಾರಿ ಮಂತ್ರಿಯ ಮೇಲೆ ಎಗರಿತು. ಕಪ್ಪು ಕುದುರೆ ಅದನ್ನು ಹೊಡೆಯಿತು. ಹನ್ನೊಂದು: ಇ4ರಲ್ಲಿದ್ದ ಬಿಳಿ ಕಾಲಾಳು ಓರೆಯಾಗಿ ಡಿ5ಕ್ಕೆ ಹೋಗಿ ತಿರುಗಿ ಹೊಡೆಯಿತು. ಆಟದ ತಿರುವು ಇಲ್ಲಿದೆ. ಆ ಕಾಲಾಳು ಪಕ್ಕಕ್ಕೆ ಸರಿದದ್ದೇ ತಡ, ಇ ಸಾಲು ಪೂರ್ತಿ ತೆರೆದುಕೊಂಡಿತು. ಕಪ್ಪು ರಾಜ ಇನ್ನೂ ಅದೇ ಸಾಲಿನಲ್ಲಿ, ಇ8ರಲ್ಲಿ ಕೂತಿದ್ದಾನೆ. ಬಿಳಿಯ ಆನೆಗೆ ಇ1 ಒಂದೇ ಹೆಜ್ಜೆ ದೂರ.

ಸಿ6ರ ಕುದುರೆಯ ಮೇಲೂ ಈಗ ಕಾಲಾಳಿನ ಕಣ್ಣು. ಅದು ಇ5ಕ್ಕೆ ಓಡಿತು. ಹನ್ನೆರಡಕ್ಕೆ ಅಲ್ಲಿ ಕುದುರೆಗೆ ಕುದುರೆ ಬದಲಾಗಿ ಕಪ್ಪು ಮಂತ್ರಿ ಇ5ಕ್ಕೆ ಬಂತು. ಹದಿಮೂರಕ್ಕೆ ಬಿಳಿಯ ಎರಡನೇ ಒಂಟೆ ಬಿ2ಕ್ಕೆ: ಎದುರಿಗೆ ಮಂತ್ರಿ, ಅದರ ಹಿಂದೆ ಅದೇ ಓರೆಯಲ್ಲಿ ಜಿ7ರ ಕಾಲಾಳು. ಮಂತ್ರಿ ಜಿ5ಕ್ಕೆ ಸರಿದು ಅಲ್ಲಿಂದ ಜಿ7 ಕಾಯಿತು. ಹದಿನಾಲ್ಕಕ್ಕೆ ಹುಡುಗ ಎಚ್4ಕ್ಕೆ ಇನ್ನೊಂದು ಕಾಲಾಳು ತಳ್ಳಿದ. ಮಾಸ್ತರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ಕೂತರು, ಆಮೇಲೆ ಮಂತ್ರಿಯಿಂದ ಅದನ್ನೂ ಹೊಡೆದರು. ಕಾವಲು ತಪ್ಪಿದ ಜಿ7ರ ಕಾಲಾಳನ್ನು ಹದಿನೈದಕ್ಕೆ ಒಂಟೆ ಹೊಡೆದು ಎಚ್8ರ ಆನೆಗೆ ಗುರಿ ಇಟ್ಟಿತು. ಆನೆ ಜಿ8ಕ್ಕೆ ಸರಿಯಿತು.

ಹದಿನಾರು: ಬಿಳಿ ಆನೆ ಇ1ಕ್ಕೆ, ಚೆಕ್, ಅಂದರೆ ರಾಜನ ಮೇಲೇ ನೇರ ಗುರಿ. ರಾಜ ಎಫ್8ಕ್ಕೆ ಹೋಗುವಂತಿಲ್ಲ, ಜಿ7ರ ಒಂಟೆ ಕಾಯುತ್ತಿದೆ. ಡಿ8ಕ್ಕೆ ಹೋದ. ಹದಿನೇಳು: ಬಿಳಿ ಮಂತ್ರಿ ಬಿ3ರಿಂದ ಅಡ್ಡ ಸಾಲಿನಲ್ಲಿ ಜಾರಿ ಜಿ3ಕ್ಕೆ ಬಂದು ಕಪ್ಪು ಮಂತ್ರಿಯ ಪಕ್ಕದಲ್ಲೇ ನಿಂತಿತು. ಹೊಡೆಯಿರಿ ಎನ್ನುವ ಹಾಗೆ. ಹೊಡೆದರೆ ಒಂಟೆ ಎಫ್6ಕ್ಕೆ ಬರುತ್ತದೆ, ಅದೇ ಚೆಕ್‌ಮೇಟ್. ರಾಜನ ಮುಂದೆ ಅವನದೇ ಕಾಲಾಳುಗಳು, ಪಕ್ಕಕ್ಕೆ ಅವನದೇ ಒಂಟೆ, ಇನ್ನೊಂದು ಪಕ್ಕಕ್ಕೆ ಇ ಸಾಲಿನ ಆನೆ. ಮಂತ್ರಿಯನ್ನು ಬಿಟ್ಟು ಜಿ7ರ ಒಂಟೆಯನ್ನು ಹೊಡೆದರೆ ಬಿಳಿ ಮಂತ್ರಿ ಕಪ್ಪು ಮಂತ್ರಿಯನ್ನು ಚೆಕ್ ಸಹಿತ ಹೊಡೆಯುತ್ತದೆ.

ಪಕ್ಕದಲ್ಲಿದ್ದ ತಾಯಿಯೊಬ್ಬರು ಜಾಣ ಪ್ರಶ್ನೆ ಕೇಳಿದರು: ಇ1ಕ್ಕೆ ಬಂದ ಆನೆಯನ್ನೇ ಎ5ರ ಒಂಟೆ ಹೊಡೆಯಬಹುದಿತ್ತಲ್ಲ, ದಾರಿ ಖಾಲಿ ಇದೆ? ಹೊಡೆಯಬಹುದಿತ್ತು. ಆಗ ಎ1ರ ಎರಡನೇ ಆನೆ ಬಂದು ಒಂಟೆಯನ್ನು ಹೊಡೆದು ಮತ್ತೆ ಚೆಕ್ ಕೊಡುತ್ತದೆ. ರಾಜ ಡಿ8, ಮಂತ್ರಿ ಜಿ3, ಕತೆ ಅದೇ. ಬಿಳಿಯ ಬಳಿ ಎರಡನೇ ಆನೆ ತಯಾರಿತ್ತು, ಕಪ್ಪಿನ ಬಳಿ ಇರಲಿಲ್ಲ. ಇಡೀ ಆಟದ ಗುಟ್ಟು ಆ ಒಂದು ಉತ್ತರದಲ್ಲಿದೆ.

ಮಾಸ್ತರ ಖರ್ಚುಪಟ್ಟಿ

ಆಟ ಮುಗಿದ ಮೇಲೆ ಮಾಸ್ತರೇ ಹಾಳೆಯ ಹಿಂಬದಿಗೆ ಲೆಕ್ಕ ಹಾಕಿದರು, ಹಳೇ ಅಭ್ಯಾಸ. ಅವರು ಆಡಿದ್ದು 16 ನಡೆ. ಮಂತ್ರಿಗೆ 4, ಅದೊಂದು ಒಂಟೆಗೆ 3, ಒಂದೇ ಕಾಲಾಳಿಗೆ 3 (ಇ5, ಡಿ4, ಸಿ3), ಎರಡು ಕುದುರೆಗಳಿಗೆ ತಲಾ 2, ಆನೆಗೆ 1, ಓಡಿಹೋದ ರಾಜನಿಗೆ 1. ಕುದುರೆಗಳೆರಡೂ ಬದಲಾಗಿ ಹೋದವು. ಎ8ರ ಆನೆ, ಸಿ8ರ ಒಂಟೆ ಕೊನೆಯವರೆಗೂ ಮನೆ ಬಿಟ್ಟು ಹೊರಬರಲೇ ಇಲ್ಲ. ಬಿಳಿಯ ಕಡೆ ಮನೆಯಲ್ಲೇ ಉಳಿದದ್ದು ಎ1ರ ಆನೆ ಮಾತ್ರ, ಅದಕ್ಕೂ ದಾರಿ ತೆರೆದಿತ್ತು.

ಎಣಿಕೆಗೆ ಮಾಸ್ತರ ಸೈನ್ಯ ದೊಡ್ಡದು. ಜಗಳದ ಜಾಗಕ್ಕೆ ಬಂದು ಮುಟ್ಟಿದ ಸೈನ್ಯ ಚಿಕ್ಕದು. ಆಗಸ್ಟ್ ಒಂದಕ್ಕೆ ಮೀನುಗಾರಿಕೆ ರಜೆ ಮುಗಿದಾಗ ಬೋಟು ಎಷ್ಟು ದೊಡ್ಡದಾದರೇನು, ಎಂಜಿನ್ ಬಿಚ್ಚಿ ದಡಕ್ಕೆ ಕಟ್ಟಿಟ್ಟಿದ್ದರೆ ಬಲೆಗೆ ಬೀಳುವುದು ಸೊನ್ನೆ.

ತಪ್ಪಿದ್ದೆಲ್ಲಿ ಎಂದು ಕೇಳಿದರೆ, ಒಂಬತ್ತನೇ ನಡೆಯಲ್ಲಿ ಎ5ರ ಒಂಟೆಯಿಂದ ಸಿ3ರ ಕುದುರೆಯನ್ನು ಹೊಡೆದು ಬದಲಾಯಿಸಿಕೊಂಡಿದ್ದರೆ ಡಿ5ಕ್ಕೆ ಹಾರಲು ಆ ಕುದುರೆಯೇ ಇರುತ್ತಿರಲಿಲ್ಲ, ಇ ಸಾಲೂ ಅಷ್ಟು ಬೇಗ ತೆರೆಯುತ್ತಿರಲಿಲ್ಲ. ಅದಕ್ಕೂ ಹಿಂದೆ ಹೋದರೆ, ಮೂರನೇ ಕಾಲಾಳಿನ ಆಸೆಯನ್ನೇ ಬಿಡಬಹುದಿತ್ತು.

ಕಂಠಪಾಠ ಮಾಡಿದರೆ ಮೋಸವೇ?

ಚಹಾ ಕುಡಿಯುವಾಗ ಹುಡುಗ ಒಪ್ಪಿಕೊಂಡ: 17 ನಡೆಯೂ ಅವನ ಸ್ವಂತದ್ದಲ್ಲ. 1963ರಲ್ಲಿ ನ್ಯೂಯಾರ್ಕಿನಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ, ಆಗ ಇಪ್ಪತ್ತರ ಹರೆಯದ ಬಾಬಿ ಫಿಷರ್ ಹಿರಿಯ ಆಟಗಾರ ರೂಬೆನ್ ಫೈನ್ ಎದುರು ಆಡಿದ ಆಟ ಅಕ್ಷರಶಃ ಇದೇ. ಫೈನ್ 1930ರ ದಶಕದಲ್ಲಿ ಲೋಕದ ಅಗ್ರ ಆಟಗಾರರಲ್ಲಿ ಒಬ್ಬ, ಆಮೇಲೆ ಮನಶ್ಶಾಸ್ತ್ರಜ್ಞ. ಅಂಥವನೇ ಎಫ್6ಕ್ಕೆ ಕುದುರೆ ತಂದು, ಎಚ್4ರ ಕಾಲಾಳು ಹೊಡೆದು ಸೋತಿದ್ದ. ಇದನ್ನು ಕೇಳಿ ಮಾಸ್ತರ ಮುಖ ಸ್ವಲ್ಪ ಗೆಲುವಾಯಿತು.

ಹಾಗಾದರೆ ಇದು ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ ಆಗಲಿಲ್ಲವೇ? ಇಲ್ಲ. ಆಟದ ಹೊತ್ತಿಗೆ ಪುಸ್ತಕ, ಫೋನು ನೋಡುವಂತಿಲ್ಲ. ತಲೆಯಲ್ಲಿ ಇರುವುದನ್ನು ಎಷ್ಟು ಬೇಕಾದರೂ ಬಳಸಬಹುದು. ತಾಳಮದ್ದಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಸಂಗದ ಪದ್ಯ ಮೊದಲೇ ಬರೆದದ್ದು, ಎಲ್ಲರಿಗೂ ಗೊತ್ತಿರುವುದು. ಅರ್ಥ ಮಾತ್ರ ಆ ಕ್ಷಣಕ್ಕೆ ಹುಟ್ಟಬೇಕು. ಓಪನಿಂಗ್ ಎಂದರೆ ಪದ್ಯ. ಎದುರಿನ ಅರ್ಥಧಾರಿ ಅನಿರೀಕ್ಷಿತ ಪ್ರಶ್ನೆ ಎತ್ತಿದ ಕೂಡಲೇ ಕಂಠಪಾಠದ ಆಯುಷ್ಯ ಮುಗಿಯುತ್ತದೆ. ಹುಡುಗನ ಅದೃಷ್ಟ, ಆವತ್ತು ಪ್ರಶ್ನೆ ಬರಲಿಲ್ಲ.

ಗಡಿಯಾರವೂ ಅವನ ಪರವಾಗಿತ್ತು. ನಮ್ಮಲ್ಲಿ ತಲಾ 60 ನಿಮಿಷದ ಆಟ. ಹುಡುಗ ಖರ್ಚು ಮಾಡಿದ್ದು ಎಂಟು ನಿಮಿಷ, ಮಾಸ್ತರು 50 ದಾಟಿದ್ದರು. ಹರಿತವಾದ ಓಪನಿಂಗ್ ಕ್ಲಬ್ ಮಟ್ಟದಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಇದಕ್ಕೇ. ದಾಳಿ ಮಾಡುವವನು ಮನೆಯಲ್ಲಿ ಯೋಚಿಸಿ ಬಂದಿರುತ್ತಾನೆ, ತಡೆಯುವವನು ಮೇಜಿನ ಮುಂದೆ ಯೋಚಿಸಬೇಕು.

ದೊಡ್ಡವರು ಯಾಕೆ ಅಷ್ಟಾಗಿ ಆಡುವುದಿಲ್ಲ?

19ನೇ ಶತಮಾನದಲ್ಲಿ ಇದು ರಾಜಮಾರ್ಗ. 1852ರಲ್ಲಿ ಬರ್ಲಿನ್ನಿನಲ್ಲಿ ಆಂಡರ್ಸನ್ ಎಂಬಾತ ಡುಫ್ರೆಸ್ನ್ ಎದುರು ಇದೇ ಗ್ಯಾಂಬಿಟ್ಟಿನಿಂದ ಗೆದ್ದ ಆಟಕ್ಕೆ "ನಿತ್ಯಹಸಿರು" ಎಂಬ ಹೆಸರೇ ಬಿದ್ದಿದೆ. ಆಮೇಲೆ ತಡೆಯುವ ವಿದ್ಯೆ ಬೆಳೆಯಿತು, ಇದು ಹಿಂದೆ ಸರಿಯಿತು. ಈಗ ಕಂಪ್ಯೂಟರಿಗೆ ಕೊಟ್ಟು ನೋಡಿದರೂ ಸರಿಯಾಗಿ ಆಡುವ ಕಪ್ಪಿನ ಎದುರು ಬಿಳಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ.

ಸತ್ತೇಹೋಯಿತು ಎನ್ನುವ ಹೊತ್ತಿಗೆ, 1995ರ ಏಪ್ರಿಲ್‌ನಲ್ಲಿ ಲಾಟ್ವಿಯಾದ ರಿಗಾದಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಇದನ್ನು ಹೊರತೆಗೆದ. ಎದುರಿಗಿದ್ದವರು ನಮ್ಮ ಆನಂದ್. ಆನಂದ್ ಒಂಟೆಯನ್ನು ಎ5ಕ್ಕೆ ಒಯ್ಯದೆ ಇ7ಕ್ಕೆ ಹಿಂದೆ ಕರೆದರು, ಆದರೂ 25ನೇ ನಡೆಗೆ ಸೋತರು. ಅದೇ ವರ್ಷ ಇಬ್ಬರ ನಡುವೆ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ ಇತ್ತು. ಧೂಳು ಹಿಡಿದ ಆಯುಧವಾದರೂ ಎದುರಾಳಿ ಅದನ್ನು ನಿರೀಕ್ಷಿಸದಿದ್ದರೆ ಕೊಯ್ಯುತ್ತದೆ.

ಮದ್ದು: ತಿಂದದ್ದನ್ನು ಹಿಂದಿರುಗಿಸುವುದು

ಮಾಸ್ತರು ಸುಮ್ಮನೆ ಕೂರುವ ಜನ ಅಲ್ಲ. ಮೂರು ವಾರ ಕಳೆದು ಇಬ್ಬರೂ ಮತ್ತೆ ಎದುರಾದರು, ಬಿಳಿ ಕಾಯಿ ಮತ್ತೆ ಹುಡುಗನಿಗೇ ಬಂತು. ಐದನೇ ನಡೆಯವರೆಗೆ ಅದೇ ದಾರಿ. ಬಿ4ರ ಕಾಲಾಳು ಹೊಡೆದರು, ಒಂಟೆ ಎ5ಕ್ಕೆ ಸರಿಯಿತು, ಬಿಳಿಯ ಡಿ4 ಬಂತು. ಈ ಸಲ ಮಾಸ್ತರು ಅದನ್ನು ಮುಟ್ಟಲಿಲ್ಲ. ಡಿ6ಕ್ಕೆ ತಮ್ಮ ಕಾಲಾಳು ಇಟ್ಟು ಇ5ಕ್ಕೆ ಬಲ ಕೊಟ್ಟರು. ಸಿ8ರ ಒಂಟೆಗೂ ಬಾಗಿಲು ತೆರೆಯಿತು. ಹುಡುಗ ಕ್ಯಾಸ್ಲಿಂಗ್ ಮಾಡಿದ. ಏಳನೇ ನಡೆಗೆ ಮಾಸ್ತರ ಒಂಟೆ ಎ5ರಿಂದ ಬಿ6ಕ್ಕೆ ಬಂತು.

ಇದಕ್ಕೆ ಲಾಸ್ಕರ್ ಡಿಫೆನ್ಸ್ ಎನ್ನುತ್ತಾರೆ. ಇಮ್ಯಾನುಯೆಲ್ ಲಾಸ್ಕರ್ 1894ರಿಂದ 1921ರವರೆಗೆ, 27 ವರ್ಷ ವಿಶ್ವ ಚಾಂಪಿಯನ್. ವೃತ್ತಿಯ ತರಬೇತಿಯಿಂದ ಗಣಿತಜ್ಞ ಎಂದು ಮಾಸ್ತರು ಎರಡೆರಡು ಸಲ ಹೇಳಿದರು. ಅವನ ಲೆಕ್ಕ ಸರಳ. ಕಾಲಾಳು ಕೊಟ್ಟು ಬಿಳಿ ಕೊಂಡದ್ದು ಹೊತ್ತು. ಹಾಗಾದರೆ ಆ ಕಾಲಾಳನ್ನೇ ಹಿಂದಕ್ಕೆ ಕೊಟ್ಟು ನಾನು ಹೊತ್ತು ಕೊಳ್ಳುತ್ತೇನೆ. ಬಿಳಿ ಇಸಿದುಕೊಂಡರೆ ದಾಳಿ ನಿಲ್ಲುತ್ತದೆ.

ಹುಡುಗ ಇಸಿದುಕೊಂಡ. ಎಂಟಕ್ಕೆ ಡಿ4ರ ಕಾಲಾಳು ಇ5ರಲ್ಲಿ ಹೊಡೆಯಿತು, ಮಾಸ್ತರು ಡಿ6ರಿಂದ ತಿರುಗಿ ಹೊಡೆದರು. ಒಂಬತ್ತಕ್ಕೆ ತೆರೆದ ಡಿ ಸಾಲಿನಲ್ಲಿ ಮಂತ್ರಿಗೆ ಮಂತ್ರಿ ಬದಲಾಯಿತು, ಡಿ8ರಲ್ಲಿ ತಿರುಗಿ ಹೊಡೆದದ್ದು ಸಿ6ರ ಕುದುರೆ. ಹತ್ತಕ್ಕೆ ಬಿಳಿ ಕುದುರೆ ಇ5ರ ಕಾಲಾಳನ್ನು ಹೊಡೆಯಿತು, ಮಾಸ್ತರು ಒಂಟೆಯನ್ನು ಇ6ಕ್ಕೆ ತಂದರು. ಎಣಿಸಿ: ಇಬ್ಬರಲ್ಲೂ ಆರಾರು ಕಾಲಾಳು. ಲೆಕ್ಕ ಸಮ. ಆದರೆ ಮಂತ್ರಿಗಳಿಲ್ಲದ ಬೋರ್ಡಿನಲ್ಲಿ ದಾಳಿ ಎಲ್ಲಿಂದ ಮಾಡುವುದು? ಮೇಲಾಗಿ ಬಿಳಿಯ ಎ ಮತ್ತು ಸಿ ಸಾಲಿನ ಕಾಲಾಳುಗಳು ಅಕ್ಕಪಕ್ಕಕ್ಕೆ ನೆರೆಯವರಿಲ್ಲದ ಒಂಟಿಮನೆಗಳಾದವು. ಕಪ್ಪಿನ ಎ, ಬಿ, ಸಿ ಕಾಲಾಳುಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಇನ್ನು ಮುಂದೆ ಬೇಕಾದದ್ದು ತಾಳ್ಮೆ, ಅದು ಮಾಸ್ತರ ಕಡೆ ಹೆಚ್ಚಿತ್ತು.

ಕಾಲಾಳನ್ನು ತಿನ್ನದೇ ಬಿಡುವ ದಾರಿಯೂ ಉಂಟು. ನಾಲ್ಕನೇ ನಡೆಗೇ ಒಂಟೆಯನ್ನು ಬಿ6ಕ್ಕೆ ಸರಿಸಿದರಾಯಿತು. ಅದೂ ಅಡ್ಡಿಲ್ಲ.

ಆಟ ಮಧ್ಯಾಹ್ನ ದಾಟಿ ನಡೆಯಿತು. ಹುಡುಗನ ಗಡಿಯಾರವೂ ಈ ಸಲ ಕರಗಿತು. ಒಂಟಿ ಸಿ ಕಾಲಾಳನ್ನು ಕಾಯುವುದರಲ್ಲೇ ಅವನ ಆನೆ ಸವೆಯಿತು. ಕಡೆಗೆ ರಾಜ, ಒಂದೊಂದು ಆನೆ, ಮೂರು ಮೂರು ಕಾಲಾಳು ಉಳಿದಾಗ ಡ್ರಾ ಎಂದು ಇಬ್ಬರೂ ಒಪ್ಪಿದರು.

ಕಾಯಿ ಮತ್ತೆ ಜೋಡಿಸಿ, ಬೋರ್ಡನ್ನು ಒಂಬತ್ತನೇ ನಡೆಗೆ ತಂದು ಮಾಸ್ತರೇ ತೋರಿಸಿದರು: "ಇಲ್ಲಿ ಮಂತ್ರಿ ಬದಲಾಯಿಸಿದ್ದು ಯಾಕೋ ತಮ್ಮಾ? ಬಿ3ಕ್ಕೆ ಇಟ್ಟಿದ್ರೆ ಎಫ್7 ಮತ್ತೆ ಸಿಕ್ಕಾಪಟ್ಟೆ ಬಿಸಿ ಆಗ್ತಿತ್ತು. ನಾನು ಮಂತ್ರಿ ಎಫ್6ಕ್ಕೆ ತರಬೇಕಿತ್ತು, ಆಮೇಲೆ ನನಗೂ ಗೊತ್ತಿಲ್ಲ." ಹುಡುಗ ಬಸ್ಸಿನ ಹೊತ್ತು ನೋಡಿಕೊಂಡ, ಮತ್ತೆ ಕೂತ. ಮಂತ್ರಿಯನ್ನು ಬಿ3ಕ್ಕೆ ಇಟ್ಟ.